ಅಡಿಕೆಗೆ ಬಿಸಿಲು, ಕಾಫಿ ಹೂವಿಗೆ ಡೀಸೆಲ್

ಮೂಡಿಗೆರೆ ಹತ್ತಿರ ನಮ್ಮದು 3 ಎಕರೆ ರೊಬಸ್ಟಾ ಕಾಫಿ, ಎರಡೂವರೆ ಎಕರೆ ಅಡಿಕೆ. ಕೆರೆ ತನಕ ಕರೆಂಟ್ ಲೈನ್ ಬಂದಿಲ್ಲ. ಮೊದಲಿನಿಂದಲೂ ಡೀಸೆಲ್ ಎಂಜಿನ್ನೇ, ಸಣ್ಣದೊಂದು, ದೊಡ್ಡದೊಂದು. ಎರಡು ವರ್ಷದಿಂದ 5 ಎಚ್‌ಪಿ ಸೋಲಾರ್ ಪಂಪೂ ಇದೆ.

ಮೊದಲು ಅಡಿಕೆ. ಜನವರಿಯಿಂದ ಮಳೆ ಹಿಡಿಯುವ ತನಕ ಡ್ರಿಪ್‌ಗೆ ದಿನಾ 3 ಗಂಟೆ ಪಂಪ್ ಓಡಬೇಕು. 120 ದಿನಕ್ಕೆ 360 ಗಂಟೆ. ಸಣ್ಣ ಎಂಜಿನ್ ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ. ಲೀಟರ್‌ಗೆ 90 ರೂಪಾಯಿ ಅಂದರೂ ಒಂದು ಬೇಸಿಗೆಗೆ 32 ಸಾವಿರ ದಾಟುತ್ತದೆ. ಆಯಿಲ್, ರಿಪೇರಿ ಬೇರೆ. ಸೋಲಾರ್‌ಗೆ ಪಿಎಂ ಕುಸುಮ್‌ನಲ್ಲಿ, ಅಂದರೆ ರೈತರ ಸೋಲಾರ್ ಪಂಪ್‌ಗೆ ಸಬ್ಸಿಡಿ ಕೊಡುವ ಯೋಜನೆಯಲ್ಲಿ, ಕೇಂದ್ರ 30%, ರಾಜ್ಯ 50% ಕೊಟ್ಟವು. ನಮ್ಮ ಪಾಲು ಸುಮಾರು 80 ಸಾವಿರ. ಮೂರನೇ ಬೇಸಿಗೆಯಲ್ಲಿ ಹಾಕಿದ ದುಡ್ಡು ವಾಪಸ್. ಸಬ್ಸಿಡಿ ಇಲ್ಲದೆ ಪೂರ್ತಿ 4 ಲಕ್ಷ ನಾನೇ ಹಾಕಿದ್ದರೆ ಹನ್ನೆರಡು ವರ್ಷ ಹಿಡಿಯುತ್ತಿತ್ತು. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ, ಹಾಗಾಗಿ ಆಗಲೂ ನಷ್ಟ ಇರಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಪ್ಯಾನೆಲ್ ಕೂರಿಸಿದವರು ತೋಟದ ಸಿಲ್ವರ್ ಓಕ್ ಮರಗಳ ನೆರಳು ನೋಡಿರಲಿಲ್ಲ. ಪ್ಯಾನೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಮೂರು ಗಂಟೆಗೇ ನೀರು ಸಣ್ಣಗಾಗುತ್ತಿತ್ತು. ಕೊಂಬೆ ಕಡಿಸಿದ ಮೇಲೆ ಸರಿಹೋಯಿತು. ತೋಟದವರು ಜಾಗ ನೀವೇ ನಿಂತು ಆರಿಸಿ.

ಇನ್ನು ಕಾಫಿ. ಇಲ್ಲಿ ಸೋಲಾರ್ ಸೋತಿತು. ಹೂವು ಅರಳಿಸಲು ಕೊಡುವ ಒಂದು ಇಂಚು ನೀರು ಅಂದರೆ ಎಕರೆಗೆ ಲಕ್ಷ ಲೀಟರ್, ಅದೂ ಸ್ಪ್ರಿಂಕ್ಲರ್ ತಿರುಗುವಷ್ಟು ಒತ್ತಡದಲ್ಲಿ. ಮೋಡ ಅಡ್ಡ ಬಂತೋ, ಸ್ಪ್ರಿಂಕ್ಲರ್ ನಿಂತೇ ಹೋಗುತ್ತದೆ. ಒಂದು ಕಡೆ ನೆನೆದು ಇನ್ನೊಂದು ಕಡೆ ಅರೆಬರೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಹೂವು ಒಟ್ಟಿಗೆ ಅರಳಬೇಕು ಅಲ್ವಾ? ನಾನು ಸೋಲಾರ್‌ನಲ್ಲಿ ನೀರು ಕೊಟ್ಟ ಅರ್ಧ ಎಕರೆಯಲ್ಲಿ ಹೂವು ತೇಪೆ ತೇಪೆಯಾಗಿ ಬಂತು. ನೋಡಿ ಹೊಟ್ಟೆ ಉರಿಯಿತು.

ದೊಡ್ಡ ಎಂಜಿನ್ ಗಂಟೆಗೆ ಹತ್ತಿರ 2 ಲೀಟರ್ ಸುಡುತ್ತದೆ. ಆದರೆ ಮೂರು ಎಕರೆಗೆ 20 ಗಂಟೆ ಸಾಕು. 3,600 ರೂಪಾಯಿ. ಮೂರು ವಾರ ಬಿಟ್ಟು ಬ್ಯಾಕಿಂಗ್ ನೀರು, ಅಂದರೆ ಹೂವಾದ ಮೇಲಿನ ಎರಡನೇ ನೀರು, ಕೊಟ್ಟರೂ ವರ್ಷಕ್ಕೆ ಏಳು ಸಾವಿರದ ಆಸುಪಾಸು. ಇಷ್ಟಕ್ಕಾಗಿ ದೊಡ್ಡ ಸೋಲಾರ್ ಪಂಪ್ ಹಾಕಿಸಿ, ವರ್ಷವಿಡೀ ಸುಮ್ನೆ ನಿಲ್ಲಿಸುವುದು ನನಗೆ ಒಪ್ಪುವುದಿಲ್ಲ.

ಸಣ್ಣ ಎಂಜಿನ್ನನ್ನು ಹೋದ ತಿಂಗಳು ಮಾರಿದೆ. ದೊಡ್ಡದಕ್ಕೆ ಹೊಸ ಫಿಲ್ಟರ್ ಹಾಕಿಸಿ ಇಟ್ಟುಕೊಂಡಿದ್ದೇನೆ.