ಬೇಸಿಗೆ ಶಿಬಿರದಲ್ಲಿ ದುಡಿಯುವವರಿಗೆ ಮೊಬೈಲ್ ಓಟಿಟಿ ಪ್ಲಾನ್: ಅಗ್ಗ ಹೌದು, ಆ 48 ಗಂಟೆಯದೇ ಕಿರಿಕಿರಿ

ಬೆಲೆ ಎಷ್ಟು, ಪಿಕ್ಚರ್ ಕ್ವಾಲಿಟಿ ಎಷ್ಟು, ಒಮ್ಮೆಗೆ ಎಷ್ಟು ಫೋನು ಅನ್ನೋದೆಲ್ಲ ಆ್ಯಪ್‌ನ ಮೊದಲ ಪುಟದಲ್ಲೇ ಇದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ನೆಟ್‌ನಲ್ಲಿ ಸಿನಿಮಾ, ಸರಣಿ ತೋರಿಸುವ ಓಟಿಟಿ ಆ್ಯಪೊಂದು ಮೊಬೈಲಿಗೆ ಮಾತ್ರ ಅಂತ ಕೊಡುವ ಎಲ್ಲಕ್ಕಿಂತ ಅಗ್ಗದ ಪ್ಲಾನ್ ಇದು. ನಾನು ಬಳಸುತ್ತಿರುವುದು ಕಲಬುರಗಿಯ ಒಂದು ಮಕ್ಕಳ ಬೇಸಿಗೆ ಶಿಬಿರದಲ್ಲಿ ಸಹಾಯಕಿಯಾಗಿ ದುಡಿಯುತ್ತ, ವಾರಕ್ಕೊಂದು ಎಪಿಸೋಡ್ ಬಿಡುವ ಅಮೆರಿಕದ ಸರಣಿಯೊಂದರ ಕೊನೆಯ ಸೀಸನ್ ನೋಡುವುದಕ್ಕೆ. ಸರಣಿಯ ಹೆಸರು ಹೇಳುವುದಿಲ್ಲ. ಹೇಳಿದರೆ, ಎಲ್ಲೋ ಸೋರಿದ ಕ್ಲೈಮ್ಯಾಕ್ಸ್ ತಂದು ಕಿವಿಗೆ ಹಾಕುವವರು ಸಿಕ್ಕೇ ಸಿಗುತ್ತಾರೆ.

ಮೊದಲು ಸಿಟ್ಟಿನ ಮಾತು. ಡೌನ್‌ಲೋಡ್ ಮಾಡಿದ ಎಪಿಸೋಡನ್ನು ಮುಟ್ಟದೆ ಇಟ್ಟರೆ ಕೆಲವು ದಿನ ಹಾಗೇ ಇರುತ್ತದೆ. ಒಮ್ಮೆ ಪ್ಲೇ ಒತ್ತಿದಿರೋ, ಅಲ್ಲಿಂದ ಬರೀ 48 ಗಂಟೆ. ಅಷ್ಟರೊಳಗೆ ಮುಗಿಸದಿದ್ದರೆ ಫೈಲು ಫೋನಿನಲ್ಲೇ ಬಿದ್ದಿರುತ್ತದೆ, ಜಾಗ ತಿನ್ನುತ್ತಲೇ ಇರುತ್ತದೆ, ತೆರೆಯುವುದು ಮಾತ್ರ ಇಲ್ಲ. ಫೈಲಿನ ಜೊತೆ ಬಂದ ಲೈಸೆನ್ಸಿನ ಅವಧಿ ಮುಗಿದಿರುತ್ತದೆ. ನೆಟ್ ಆನ್ ಮಾಡಿ ರಿನ್ಯೂ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಮತ್ತೆ ತೆರೆಯುತ್ತದೆ, ಇಡೀ ಫೈಲು ಮತ್ತೆ ಇಳಿಸಬೇಕಿಲ್ಲ. ಆದರೆ ಡೌನ್‌ಲೋಡ್ ಬೇಕಾಗುವುದೇ ನೆಟ್ ಇಲ್ಲದ ಕಡೆ ಅಲ್ಲವೇ? ಹಾಲ್‌ನ ಹಿಂದಿನ ಸಾಮಾನು ಕೋಣೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿಯಲು ಕಿಟಕಿ ಸರಳಿಗೆ ಫೋನು ಒತ್ತಿ ನಿಂತವರಿಗೆ ಆ ರಿನ್ಯೂ ಬಟನ್ ಎಷ್ಟು ದೂರ ಅಂತ ಗೊತ್ತು.

ಮನೆಯಲ್ಲಿ ದಿಂಬಿಗೆ ಒರಗಿ ನೋಡುವವರಿಗೆ 48 ಗಂಟೆ ಧಾರಾಳ. ಶಿಬಿರದ ಕೆಲಸದವರಿಗೆ ಐವತ್ತು ನಿಮಿಷ ಒಟ್ಟಿಗೆ ಸಿಗುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ 1:30ರವರೆಗೆ ನಡೆಯುವ ಸೀಮೆ ಇದು. ಶಿಬಿರವೂ ಬಿಸಿಲೇರುವ ಮುಂಚೆ ಮುಗಿಯಬೇಕು. 6:45ಕ್ಕೆ ಬೀಗ ತೆಗೆದು, ಕೂಲರ್ ಟ್ಯಾಂಕ್ ತುಂಬಿ, 20 ಲೀಟರಿನ ನೀರಿನ ಕ್ಯಾನ್ ಎರಡು ನೆರಳಿಗೆ ಎಳೆದಿಟ್ಟು, ಮಣ್ಣಿನ ಕೆಲಸದ ಜೇಡಿ ಮೇಲೆ ಹೊದಿಸಿದ ಗೋಣಿಚೀಲಕ್ಕೆ ಮತ್ತೆ ನೀರು ಹೊಡೆಯಬೇಕು. ಒಣಗಿದ ಜೇಡಿಯಲ್ಲಿ ಮಕ್ಕಳು ಮಾಡಿದ ಆನೆಯ ಸೊಂಡಿಲು ಮಧ್ಯಾಹ್ನದೊಳಗೆ ಉದುರುತ್ತದೆ, ಆಮೇಲೆ ಅಳು. 7:30ಕ್ಕೆ ಮಕ್ಕಳು. 10:15ಕ್ಕೆ ಸುಸಲಾ: ಚುರುಮುರಿ ನೆನೆಹಾಕಿ, ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು. 12ಕ್ಕೆ ಬಿಟ್ಟರೂ ಕೊನೆಯ ಮಗುವಿನ ಅಪ್ಪ ಬರುವುದು 12:45ಕ್ಕೆ. ಊಟದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ, ಸಂಜೆ 4:30ರ ನಾಟಕದ ತಾಲೀಮಿಗೆ ಮುಂಚೆ ಹದಿನೈದು, ರಾತ್ರಿ ಪಾತ್ರೆ ತೊಳೆದ ಮೇಲೆ ಕಣ್ಣು ಮುಚ್ಚುವವರೆಗೆ ಎಷ್ಟೋ ಅಷ್ಟು. ಒಂದು ಎಪಿಸೋಡ್ ಮೂರು ತುಂಡಾಗಿ ಎರಡು ದಿನಕ್ಕೆ ಹಂಚಿಹೋಗುತ್ತದೆ. ಅಲ್ಲಿಗೆ 48 ಗಂಟೆ ಮುಗಿದೇ ಹೋಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಎಪಿಸೋಡ್ ಮುಗಿದು ಹೆಸರುಗಳ ಪಟ್ಟಿ ಓಡುವಾಗ ಅಂಗಳದಲ್ಲಿ ಯಾರೋ ಬಿದ್ದು ಕೂಗುತ್ತಾರೆ, ಫೋನು ಹಾಗೇ ಜೇಬಿಗೆ ಹೋಗುತ್ತದೆ. ಆ್ಯಪ್ ಮುಂದಿನ ಎಪಿಸೋಡನ್ನು ತಾನೇ ಶುರು ಮಾಡುತ್ತದೆ. ಹತ್ತು ಸೆಕೆಂಡ್ ಓಡಿದರೂ ಸಾಕು, ಅದರ 48 ಗಂಟೆಯೂ ಶುರು. ವಾರವಿಡೀ ಕಾಪಿಟ್ಟು ನೋಡೋಣ ಅಂದುಕೊಂಡಿದ್ದ ಎಪಿಸೋಡ್, ನೋಡುವ ಮುಂಚೆಯೇ ಲಾಕ್. ಹಳೆಯ ಸೀಸನ್ ಮತ್ತೆ ನೋಡುತ್ತ ಬರುವವರಿಗೆ ಇದು ಸಾಲುಸಾಲಾಗಿ ಆಗುತ್ತದೆ. ಪರಿಹಾರ ಇದೆ: ಪ್ರೊಫೈಲ್ ಸೆಟ್ಟಿಂಗ್‌ನ ಪ್ಲೇಬ್ಯಾಕ್ ವಿಭಾಗದಲ್ಲಿ ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವ ಆಯ್ಕೆಯನ್ನು ಆಫ್ ಮಾಡಿ. ನೆಟ್ ಇದ್ದಾಗಲೇ ಮಾಡಬೇಕು, ಆಮೇಲೆ ಆ್ಯಪ್ ಪೂರ್ತಿ ಮುಚ್ಚಿ ಒಮ್ಮೆ ತೆರೆಯಬೇಕು, ಇಲ್ಲವಾದರೆ ಹಳೆಯ ಸೆಟ್ಟಿಂಗೇ ನಡೆಯುತ್ತಿರುತ್ತದೆ. ಅಲ್ಲೇ ಟ್ರೇಲರ್ ತಾನಾಗಿ ಓಡುವುದನ್ನೂ ಆಫ್ ಮಾಡಿಬಿಡಿ, ಅದು ಕಥೆಯನ್ನು ಮುಂಚೆಯೇ ಬಿಟ್ಟುಕೊಡುತ್ತದೆ. ಇದಲ್ಲದೆ ಒಮ್ಮೆಗೆ ಎರಡೇ ಎಪಿಸೋಡ್ ಇಳಿಸಿಡುವುದು ಒಳ್ಳೆಯದು. ಇಡೀ ಸೀಸನ್ ತುಂಬಿಸಿಟ್ಟರೆ ಮುಟ್ಟದೆ ಬಿಟ್ಟವುಗಳ ಅವಧಿಯೂ ಒಂದೊಂದಾಗಿ ಮುಗಿಯುತ್ತದೆ.

ಇಷ್ಟೆಲ್ಲ ಬೈದ ಮೇಲೂ ಈ ಡೌನ್‌ಲೋಡ್ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಗುಣ ಇದೆ, ಅದರಿಂದಲೇ ಪ್ಲಾನ್ ಇನ್ನೂ ನಡೆಯುತ್ತಿದೆ. ಇಳಿಯುವುದು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದುವರಿಯುತ್ತದೆ. 63 ಪರ್ಸೆಂಟಿಗೆ ಲೈಟ್ ಹೋಗಿ, ನೆಟ್‌ವರ್ಕ್ ಕುಸಿದು, ಅರ್ಧ ಗಂಟೆ ಬಿಟ್ಟು ಬಂದರೂ 63ರಿಂದಲೇ ಶುರು. ಬೇಸಿಗೆಯ ರಾತ್ರಿಗಳಲ್ಲಿ ಇದು ಸಣ್ಣ ಮಾತಲ್ಲ.

ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ಹೀಗೆ ಮಾಡಬಹುದು. ಕೆಳಗಿನ ಕ್ವಾಲಿಟಿಯಲ್ಲಿ ಐವತ್ತು ನಿಮಿಷದ ಎಪಿಸೋಡ್ ಸುಮಾರು 350 ಎಂಬಿ. ಶಿಬಿರದ ದಿನ ಹಗಲಿನ ಡೇಟಾ ಪಾಲಕರ ವಾಟ್ಸ್ಯಾಪ್ ಗ್ರೂಪಿಗೇ ಹೋಗುತ್ತದೆ, ಅದರಲ್ಲೂ ಡ್ಯಾನ್ಸ್ ವಿಡಿಯೊಗಳಿಗೆ. ಹಾಗಾಗಿ ರಾತ್ರಿ 11:30ಕ್ಕೆ ಉಳಿದಷ್ಟು ಡೇಟಾದಲ್ಲಿ ಡೌನ್‌ಲೋಡ್ ಶುರು ಮಾಡಿ. 12ಕ್ಕೆ ಹೊಸ ಕೋಟಾ ಬಂದಾಗ ಉಳಿದದ್ದು ಅದರಲ್ಲಿ ಇಳಿಯುತ್ತದೆ. ಎರಡು ದಿನದ ಕೋಟಾ ಒಂದೇ ಫೈಲಿಗೆ ಸಿಕ್ಕಂತೆ. ಕೋಟಾ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್ ವೇಗದಲ್ಲಿ ಇಳಿಸುತ್ತೇನೆ ಅನ್ನುವ ಹಟ ಬೇಡ, 350 ಎಂಬಿಗೆ 12 ಗಂಟೆ ಹಿಡಿಯುತ್ತದೆ. ಡೌನ್‌ಲೋಡ್ ವೈಫೈನಲ್ಲಿ ಮಾತ್ರ ಅನ್ನುವ ಆಯ್ಕೆ ಆಫ್ ಇರಬೇಕು, ಫೋನಿನ ಬ್ಯಾಟರಿ ಸೇವರ್ ಕೂಡ ಆಫ್ ಇರಬೇಕು. ಸೇವರ್ ಆನ್ ಇದ್ದರೆ ಸ್ಕ್ರೀನ್ ಆರಿದ ತಕ್ಷಣ ಹಲವು ಫೋನುಗಳು ಡೌನ್‌ಲೋಡ್ ನಿಲ್ಲಿಸುತ್ತವೆ, ಬೆಳಿಗ್ಗೆ ಎದ್ದು ನೋಡಿದರೆ 8 ಪರ್ಸೆಂಟ್. ಅನ್‌ಲಿಮಿಟೆಡ್ 5ಜಿ ಇರುವವರಿಗೆ ಈ ಲೆಕ್ಕ ಬೇಡ, ಪುಣ್ಯವಂತರು. ಸಬ್‌ಟೈಟಲ್ ಭಾಷೆಯನ್ನು ಡೌನ್‌ಲೋಡ್‌ಗೆ ಮುಂಚೆಯೇ ಆರಿಸಿ. ಆಗ ಆರಿಸಿದ್ದಷ್ಟೇ ಫೈಲಿನ ಜೊತೆ ಬರುತ್ತದೆ. ಕನ್ನಡ ಸಬ್‌ಟೈಟಲ್ ಇಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಳ್ಳುವಾಗ ಮಾತ್ರ ಮೆಸೇಜು ಚೊಕ್ಕ ಕನ್ನಡದಲ್ಲಿ ಬರುತ್ತದೆ.

ಕಲಬುರಗಿಯಲ್ಲಿ ಫೋನಿಗೆ ಡೇಟಾಕ್ಕಿಂತ ದೊಡ್ಡ ಶತ್ರು ಬಿಸಿಲು. 42-43 ಡಿಗ್ರಿಯ ದಿನ, ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಚಾರ್ಜಿಗೆ ಹಾಕಿ ವಿಡಿಯೊ ನೋಡಿದರೆ ಬ್ಯಾಟರಿ 45 ಡಿಗ್ರಿ ದಾಟುವುದು ಎಷ್ಟು ಹೊತ್ತು? ಅಲ್ಲಿಗೆ ಬಂದರೆ ಬಹಳಷ್ಟು ಫೋನುಗಳು ಚಾರ್ಜಿಂಗ್ ನಿಧಾನ ಮಾಡುತ್ತವೆ ಇಲ್ಲವೇ ನಿಲ್ಲಿಸುತ್ತವೆ, ಸ್ಕ್ರೀನ್ ಬೆಳಕನ್ನೂ ಇಳಿಸುತ್ತವೆ. ಚಾರ್ಜರ್ ಕೆಟ್ಟಿದೆ ಅಂತ ಹೊಸದು ಕೊಳ್ಳಬೇಡಿ. ಬೆಳಿಗ್ಗೆ 5ಕ್ಕೆ, ಗಾಳಿ ತಣ್ಣಗಿರುವಾಗ, ಹಿಂದಿನ ಕವರ್ ತೆಗೆದು ನೆಲದ ಪರಸಿ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ. ಶಹಾಬಾದ್ ಕಲ್ಲು ಆ ಹೊತ್ತಿಗೆ ಫೋನಿನ ಬಿಸಿಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಕೂಲರಿನ ಮೂತಿಗೆ ಇಡಬೇಡಿ, ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಫ್ರಿಜ್ ಅಂತೂ ಬೇಡವೇ ಬೇಡ, ಹೊರಗೆ ತೆಗೆದ ಮೇಲೆ ಒಳಗೆಲ್ಲ ಹನಿಗಟ್ಟುತ್ತದೆ. ಪವರ್‌ಬ್ಯಾಂಕ್ ಕೊಳ್ಳುವವರಿಗೆ ಒಂದು ಮಾತು: ಡಬ್ಬದ ಮೇಲೆ 10,000 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಇದ್ದರೂ ಅದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಸಿಗುವುದು ಆರು, ಆರೂವರೆ ಸಾವಿರ. 5,000 ಎಂಎಎಚ್ ಫೋನನ್ನು ಒಂದೂಕಾಲು ಸಲ ತುಂಬಿದರೆ ಅದು ಸರಿಯಾಗಿಯೇ ಇದೆ ಅಂತ ಅರ್ಥ. ರೇಟೆಡ್ ಕೆಪ್ಯಾಸಿಟಿ ಅಂತ ಸಣ್ಣಕ್ಷರದಲ್ಲಿರುವ ಅಂಕಿ ನೋಡಿ ಕೊಳ್ಳಿ.

ಪಿಕ್ಚರ್ ಬಗ್ಗೆ ಎರಡೇ ಮಾತು. ಆರು ಇಂಚಿನ ಸ್ಕ್ರೀನಿನಲ್ಲಿ ಹಗಲಿನ ದೃಶ್ಯಗಳಿಗೆ ಈ ಕ್ವಾಲಿಟಿ ಸಾಕು. ರಾತ್ರಿಯ ದೃಶ್ಯ ಬಂದರೆ ಕತ್ತಲೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಅಂಗಳದ ಬೇವಿನ ಮರದ ಕೆಳಗೆ ಕುಂತು ನೋಡಿದರೆ ಸ್ಕ್ರೀನಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಸಾಮಾನು ಕೋಣೆಯ ಬಾಗಿಲ ಹಿಂದಿನ ಮೂಲೆಯೇ ವಾಸಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದ ದಿನ ಸಬ್‌ಟೈಟಲ್ ಆನ್ ಇರಲಿ. ರೊಟ್ಟಿ ಮುರಿದು ಅಗಿಯುವ ಸಪ್ಪಳದಲ್ಲಿ ಪಿಸುಮಾತಿನ ಡೈಲಾಗ್ ಒಂದೂ ಕೇಳುವುದಿಲ್ಲ. ಪುಂಡಿಪಲ್ಯದ ದಿನ ಆ ತೊಂದರೆ ಇಲ್ಲ, ಆದರೆ ಎಡಗೈಯಲ್ಲಿ ಪಾಜ್ ಒತ್ತುವುದು ರೂಢಿಯಾಗಬೇಕು. ಒಂದೇ ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಅಂಗಳದ ಕಡೆ. ಮಕ್ಕಳ ನಡುವೆ ಕೆಲಸ ಮಾಡುವವರು ಎರಡೂ ಕಿವಿ ಮುಚ್ಚುವ ಹಾಗಿಲ್ಲ.

ಫಿನಾಲೆ, ಅಂದರೆ ಕೊನೆಯ ಎಪಿಸೋಡ್, ಹತ್ತಿರ ಬಂದ ಹಾಗೆ ಕಾಯುವುದಕ್ಕಿಂತ ಕಥೆ ಮುಂಚೆಯೇ ಕಿವಿಗೆ ಬೀಳದಂತೆ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಆ್ಯಪೇ ಮೊದಲ ಚಾಡಿಕೋರ: ಹೊಸ ಎಪಿಸೋಡಿನ ಚಿಕ್ಕ ಚಿತ್ರದಲ್ಲಿ ಯಾರು ಬದುಕಿದ್ದಾರೆ ಅಂತ ಮುಖ ಹಾಕಿಯೇ ಇರುತ್ತದೆ, ನೋಟಿಫಿಕೇಶನ್‌ನಲ್ಲೂ ಅದೇ. ಫೋನಿನ ಸೆಟ್ಟಿಂಗ್‌ನಿಂದಲೇ ಆ್ಯಪಿನ ನೋಟಿಫಿಕೇಶನ್ ಬಂದ್ ಮಾಡಿ, ನೇರ ಡೌನ್‌ಲೋಡ್ ಪುಟಕ್ಕೆ ಹೋಗಿ. ಯೂಟ್ಯೂಬಿನಲ್ಲಿ ಹಳೆಯ ವಾಚ್ ಹಿಸ್ಟರಿ ಅಳಿಸಿ, ಹೊಸದು ದಾಖಲಾಗದಂತೆ ನಿಲ್ಲಿಸಿದರೆ ಮುಖಪುಟವೇ ಖಾಲಿಯಾಗುತ್ತದೆ. ದಪ್ಪ ಬಾಣದ ಗುರುತು ಹಾಕಿದ ಥಂಬ್‌ನೇಲ್‌ಗಳ ಕಾಟ ಇಲ್ಲ. ವಾಟ್ಸ್ಯಾಪ್ ಸ್ಟೇಟಸ್‌ಗಳನ್ನು ಮ್ಯೂಟ್ ಮಾಡಬಹುದು. ಮ್ಯೂಟ್ ಮಾಡಲಾಗದವರು ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗರು. ಎಲ್ಲೆಲ್ಲಿಂದಲೋ ಕದ್ದ ಪ್ರಿಂಟ್ ನೋಡಿ, ಬಣ್ಣದ ಡಬ್ಬಿ ಇಸಿದುಕೊಳ್ಳಲು ಬಂದವರು ಹೇಳಿಯೇ ಬಿಡುತ್ತಾರೆ: "ಅಕ್ಕಾ, ಲಾಸ್ಟಿಗಿ ಅಂವಾ ಸಾಯ್ತಾನಂತ್ರೀ!" ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಫಿನಾಲೆ ಬಗ್ಗೆ ಮಾತಾಡಿದವರಿಗೆ ಕುಂಚ ತೊಳೆಯುವ ಪಾಳಿ ಅಂತ ನಿಯಮ ಮಾಡಿದರೆ ಸ್ವಲ್ಪ ತಡೆಯಾಗುತ್ತದೆ.

ಬಿಡುಗಡೆಯ ಸಮಯ ಶಿಬಿರದವರಿಗೆ ಅನುಕೂಲವಾಗಿಯೇ ಇದೆ. ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿ 12ಕ್ಕೆ ಬಿಡುವ ಎಪಿಸೋಡ್, ಅಲ್ಲಿ ಬೇಸಿಗೆ ಗಡಿಯಾರ ನಡೆಯುವ ಮಾರ್ಚ್‌ನಿಂದ ನವೆಂಬರ್‌ವರೆಗೆ, ನಮಗೆ ಮಧ್ಯಾಹ್ನ 12:30ಕ್ಕೆ ಬರುತ್ತದೆ, ಚಳಿಗಾಲದಲ್ಲಿ 1:30ಕ್ಕೆ. ಮಕ್ಕಳು ಮನೆಗೆ ಹೊರಡುವ ಹೊತ್ತು ಅದು. ಆ ದಿನ ಬೆಳಗಿನಿಂದ ಗ್ರೂಪಿಗೆ ವಿಡಿಯೊ ಕಳಿಸಬೇಡಿ, ಫೋಟೊ ಕಳಿಸಿದರೂ ಎಚ್‌ಡಿ ಬೇಡ. ಕೊನೆಯ ಎಪಿಸೋಡ್ ಉದ್ದವಾಗಿರುವುದೇ ವಾಡಿಕೆ. 700 ಎಂಬಿ ಡೇಟಾ, ಫೋನಿನಲ್ಲಿ 2 ಜಿಬಿ ಖಾಲಿ ಜಾಗ ಇಟ್ಟುಕೊಳ್ಳಿ. 12:30ಕ್ಕೆ ಕಾಣದಿದ್ದರೆ ಗಾಬರಿ ಬೇಡ, ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ. ಪ್ಲೇ ಗುರುತು ಬಂದು ಡೌನ್‌ಲೋಡ್ ಗುರುತು ಬರಲು ಕೆಲವು ನಿಮಿಷ ತಡವಾಗುವುದುಂಟು. ಆ ಗ್ಯಾಪಿನಲ್ಲಿ ಆಸೆಗೆ ಬಿದ್ದು ಪ್ಲೇ ಒತ್ತಿದರೆ ಡೇಟಾ ಎರಡು ಸಲ ಹೋಗುತ್ತದೆ. ಇಳಿದ ಮೇಲೂ ಒತ್ತಬೇಡಿ. ಒಟ್ಟಿಗೆ ಒಂದೂವರೆ ಗಂಟೆ ಸಿಗುವ ರಾತ್ರಿ ಯಾವುದೋ, ಅಂದೇ ಒತ್ತಿ.

ಮರುದಿನ ಸಮಾರೋಪ ಇದ್ದರೆ, ಇಲ್ಲವೇ ಬೀದರ್ ಕೋಟೆಗೆ ಪ್ರವಾಸ ಇದ್ದರೆ ಇನ್ನೊಂದು ಎಚ್ಚರ. ಕಲಬುರಗಿ–ಬೀದರ್ ಮಾರ್ಗ 2017ರಲ್ಲಿ ಶುರುವಾದಾಗಿನಿಂದ ರೈಲಿನಲ್ಲಿ ಹೋಗುವ ಶಿಬಿರಗಳಿವೆ, ದಾರಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಹೊರಡುವ ಹಿಂದಿನ ರಾತ್ರಿ ಡೌನ್‌ಲೋಡ್ ಪುಟ ತೆರೆದು ಪ್ರತಿ ಎಪಿಸೋಡಿನ ಕೆಳಗಿರುವ ಅವಧಿ ನೋಡಿ, ಮುಗಿಯುವ ಹಂತದಲ್ಲಿದ್ದರೆ ಮನೆಯಲ್ಲೇ ರಿನ್ಯೂ ಮಾಡಿಕೊಳ್ಳಿ. ಫೋನಿನ ದಿನಾಂಕ, ಸಮಯ ಆಟೋಮ್ಯಾಟಿಕ್ ಇರಲಿ. ಗಡಿಯಾರ ಹಿಂದಕ್ಕೆ ತಿರುಗಿಸಿ ಲೈಸೆನ್ಸ್ ಉಳಿಸುವ ಉಪಾಯ ಕೆಲವರು ಹೇಳುತ್ತಾರೆ, ನಂಬಬೇಡಿ; ಸಮಯ ತಾಳೆಯಾಗದಿದ್ದರೆ ಇರುವ ಡೌನ್‌ಲೋಡೂ ತೆರೆಯದೆ ಕೂರುತ್ತದೆ.

ಐದಕ್ಕೆ ಮೂರೂವರೆ. ಮನೆಯಲ್ಲಿ ವೈಫೈ, ಟಿವಿ ಇದ್ದವರಿಗೆ ಈ ಪ್ಲಾನ್ ಬೇಡ, ಟಿವಿಗೆ ಹಾಕಲು ಬರುವುದಿಲ್ಲ. ವರ್ಷವಿಡೀ ಇಟ್ಟುಕೊಳ್ಳುವಂಥದ್ದೂ ಅಲ್ಲ. ಬೇಸಿಗೆಯ ಎರಡು ತಿಂಗಳಿಗೆ, ಶಿಬಿರದ ಗೌರವಧನದಲ್ಲಿ ಸಲೀಸಾಗಿ ನಿಭಾಯಿಸಬಹುದು. 48 ಗಂಟೆಯನ್ನು ಒಂದು ವಾರ ಮಾಡಿದರೆ ನಾಲ್ಕೂವರೆ ಕೊಡುತ್ತಿದ್ದೆ.

ನಿಲ್ಲಿಸುವಾಗ ಎರಡು ಕಡೆ ನಿಲ್ಲಿಸಬೇಕು: ಆ್ಯಪಿನ ಅಕೌಂಟ್ ಪುಟದಲ್ಲಿ ಮೆಂಬರ್‌ಶಿಪ್ ರದ್ದು, ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲಿ ಮ್ಯಾಂಡೇಟ್ (ತಿಂಗಳಿಗೊಮ್ಮೆ ತಾನಾಗಿ ದುಡ್ಡು ಕಡಿತವಾಗಲು ಕೊಟ್ಟ ಒಪ್ಪಿಗೆ) ರದ್ದು. ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರಲೇಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ, ಆ ಮೆಸೇಜ್ ಕಂಡ ದಿನವೇ ಕೆಲಸ ಮುಗಿಸಿ. ರದ್ದು ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು. ಮುಗಿದ ಮೇಲೆ ಡೌನ್‌ಲೋಡ್‌ಗಳೂ ತೆರೆಯುವುದಿಲ್ಲ. ಫಿನಾಲೆಯನ್ನು ಇನ್ನೊಮ್ಮೆ ನೋಡುವ ಮನಸ್ಸಿದ್ದರೆ ಅಷ್ಟರೊಳಗೆ ನೋಡಿಬಿಡಿ.