ಯೂಟಾದ ಮಾರ್ಮನ್ ಟೀ: ಕಷಾಯ ಚೆನ್ನಾಗಿದೆ, ಚೀಟಿ ಸರಿಯಿಲ್ಲ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದ ಗಿಡಮೂಲಿಕೆ ಅಂಗಡಿಗಳಲ್ಲಿ ‘ಮಾರ್ಮನ್ ಟೀ’ ಎಂದು ಮಾರುವ ಒಣ ಕಡ್ಡಿಗಳು ಎಫೆಡ್ರಾ ಎಂಬ ಮರುಭೂಮಿ ಪೊದೆಯ ಕಾಂಡಗಳು. ಮೊಹಾವಿ ಮತ್ತು ಗ್ರೇಟ್ ಬೇಸಿನ್ ಪ್ರದೇಶಗಳ ಒಣನೆಲದಲ್ಲಿ ಬೆಳೆಯುವ ಈ ಪೊದೆಗೆ ಎಲೆಗಳೇ ಇಲ್ಲವೇನೋ ಎನ್ನಿಸುತ್ತದೆ. ಗೆಣ್ಣುಗಳಲ್ಲಿ ಅವು ಸಣ್ಣ ಹುರುಪೆಗಳಾಗಿ ಉಳಿದಿದ್ದು, ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸವನ್ನು ಹಸಿರು ಕಾಂಡವೇ ವಹಿಸಿಕೊಂಡಿದೆ. ಇಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರು ಇದರ ಕಷಾಯವನ್ನು ಔಷಧವಾಗಿ ಬಳಸುತ್ತಿದ್ದರು. 19ನೇ ಶತಮಾನದಲ್ಲಿ ಬಂದು ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಗಡದವರಿಗೆ ಚಹಾ ಮತ್ತು ಕಾಫಿಯನ್ನು ಅವರ ಧರ್ಮ ಒಪ್ಪದ ಕಾರಣ, ಇದು ಬಿಸಿ ಪಾನೀಯವಾಗಿಯೂ ಒದಗಿತು.

ನಾನು ಕೊಂಡ ಪೊಟ್ಟಣದಲ್ಲಿ ಕಡ್ಡಿಗಳು ಒಂದೇ ಅಳತೆಗೆ ಕತ್ತರಿಸಲ್ಪಟ್ಟಿದ್ದವು, ಹಸಿರು ಬಣ್ಣ ಮಾಸಿರಲಿಲ್ಲ, ಮಣ್ಣಾಗಲಿ ಪುಡಿಯಾಗಲಿ ಇರಲಿಲ್ಲ. ಚಹಾಪುಡಿಯಂತೆ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಇದರಲ್ಲಿ ಏನೂ ಇಳಿಯುವುದಿಲ್ಲ. ಹಿಡಿಯಷ್ಟು ಕಡ್ಡಿಗಳನ್ನು ಸಣ್ಣ ಉರಿಯಲ್ಲಿ ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೂ ಸ್ವಲ್ಪ ಹೊತ್ತು ಮುಚ್ಚಿಟ್ಟಾಗ ನೀರು ಕೆಂಪು ಬೆರೆತ ಜೇನಿನ ಬಣ್ಣಕ್ಕೆ ತಿರುಗುತ್ತದೆ. ರುಚಿಯಲ್ಲಿ ಮೊದಲು ಮಣ್ಣಿನ ಸೊಗಡು, ಹಿಂದೆಯೇ ತುಸು ಪೈನ್ ಮರದ ವಾಸನೆ, ಕೊನೆಗೆ ಎಳೆಯ ಅಡಿಕೆ ಜಗಿದಂತೆ ನಾಲಿಗೆಯನ್ನು ಹಿಡಿಯುವ ಒಗರು. ಈ ಒಗರಿಗೆ ಕಾರಣ ಕಾಂಡದಲ್ಲಿರುವ ಟ್ಯಾನಿನ್. ಒಣ ಬಾಣಲೆಯಲ್ಲಿ ಕಡ್ಡಿಗಳನ್ನು ಹುರಿದುಕೊಂಡು, ಚೂರು ಬೆಲ್ಲ ಹಾಕಿ ಕುದಿಸಿದಾಗ ಕಷಾಯ ನನಗೆ ನಿಜಕ್ಕೂ ಹಿಡಿಸಿತು. ರಾತ್ರಿ ಊಟದ ನಂತರ ಕುಡಿದರೂ ನಿದ್ರೆ ಕೆಡಲಿಲ್ಲ.

ನಿದ್ರೆ ಕೆಡದಿರುವುದು ಸಹಜವೇ, ಮತ್ತು ನನ್ನ ಆಕ್ಷೇಪ ಹುಟ್ಟುವುದೂ ಅಲ್ಲಿಂದಲೇ. ಪೊಟ್ಟಣದ ಚೀಟಿಯಲ್ಲಿ ಇದು ಚೀನಾದ ಪ್ರಾಚೀನ ವೈದ್ಯದಲ್ಲಿ ಹೆಸರಾದ ಚೈತನ್ಯದಾಯಕ ಮೂಲಿಕೆ ಎಂಬ ಅರ್ಥದ ಮಾತುಗಳಿವೆ. ಆ ಹೆಸರು ಸಲ್ಲಬೇಕಾದದ್ದು ‘ಮಾ ಹುವಾಂಗ್’ ಎನ್ನುವ ಎಫೆಡ್ರಾ ಸಿನಿಕಾ ಗಿಡಕ್ಕೆ. 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಅವರು ಮಾ ಹುವಾಂಗ್‌ನಿಂದ ಬೇರ್ಪಡಿಸಿದ ಎಫೆಡ್ರಿನ್, ಅಡ್ರಿನಲಿನ್‌ನ ಹಾಗೆ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಶ್ವಾಸನಾಳಗಳನ್ನು ಹಿಗ್ಗಿಸುತ್ತದೆ. ಯೂಟಾದ ಸುತ್ತ ಬೆಳೆಯುವ ಎಫೆಡ್ರಾ ನೆವಡೆನ್ಸಿಸ್ ಮತ್ತು ಎಫೆಡ್ರಾ ವಿರಿಡಿಸ್ ಜಾತಿಗಳಲ್ಲಿ ಈ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಕುಲದ ಗಿಡಗಳೆಂಬ ನೆಪದಲ್ಲಿ ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚಿ ಮಾರುವುದನ್ನು ನಾನು ಒಪ್ಪಲಾರೆ.

ಈ ಗೊಂದಲದಿಂದ ಹಣವಷ್ಟೇ ವ್ಯರ್ಥವಾಗುವುದಾದರೆ ಇಷ್ಟು ಬರೆಯುತ್ತಿರಲಿಲ್ಲ. ‘ಎಫೆಡ್ರಾ ಕುಡಿದಿದ್ದೇನೆ, ಏನೂ ಆಗಲಿಲ್ಲ’ ಎಂಬ ಧೈರ್ಯದ ಮೇಲೆ ಯಾರಾದರೂ ಮಾ ಹುವಾಂಗ್ ತರಿಸಿಕೊಂಡು ಇದೇ ಪ್ರಮಾಣದಲ್ಲಿ ಕುದಿಸಿದರೆ ಜೀವಕ್ಕೇ ಅಪಾಯವಾಗಬಹುದು. 2003ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಅಭ್ಯಾಸದ ವೇಳೆ ಬಿಸಿಲಾಘಾತಕ್ಕೆ ಒಳಗಾಗಿ ತೀರಿಕೊಂಡಾಗ, ಅವರು ಸೇವಿಸುತ್ತಿದ್ದ ಎಫೆಡ್ರಾ ಮಾತ್ರೆಯೂ ಅದಕ್ಕೆ ಕಾರಣಗಳಲ್ಲೊಂದೆಂದು ವೈದ್ಯಾಧಿಕಾರಿ ಗುರುತಿಸಿದ್ದರು. ಎಫೆಡ್ರಿನ್ ಇರುವ ಪೂರಕ ಆಹಾರಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2004ರಲ್ಲಿ ನಿಷೇಧಿಸಿತು. ನಮ್ಮ ದೇಶದ ಹಿಮಾಲಯದ ಒಣ ಎತ್ತರಗಳಲ್ಲಿ ಬೆಳೆಯುವ ಎಫೆಡ್ರಾ ಜೆರಾರ್ಡಿಯಾನಾದಲ್ಲಿಯೂ ಎಫೆಡ್ರಿನ್ ಇರುವುದರಿಂದ, ಊರಿನಲ್ಲಿರುವ ಹಿರಿಯರಿಗೆ ಉಬ್ಬಸಕ್ಕೆಂದು ಅದರ ಪುಡಿ ತರಿಸುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ರಕ್ತದೊತ್ತಡ, ಹೃದ್ರೋಗ ಅಥವಾ ಥೈರಾಯ್ಡ್ ತೊಂದರೆ ಇರುವವರ ವಿಷಯದಲ್ಲಂತೂ ಇದನ್ನು ಒತ್ತಿ ಹೇಳಬೇಕು.

ಕೊಳ್ಳುವ ಮೊದಲು ಚೀಟಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು ಇದೆಯೇ ಎಂದು ನೋಡಿ. ನನ್ನ ಪೊಟ್ಟಣದಲ್ಲಿ ಅದು ಇರಲಿಲ್ಲ, ಅಂಗಡಿಯವರನ್ನು ಕೇಳಿ ತಿಳಿಯಬೇಕಾಯಿತು. ‘ನೆವಡೆನ್ಸಿಸ್’ ಅಥವಾ ‘ವಿರಿಡಿಸ್’ ಎಂದಿದ್ದರೆ ಕೆಫೀನ್ ಇಲ್ಲದ, ಒಗರು ರುಚಿಯ ಕಷಾಯವೆಂದು ಆರೋಗ್ಯವಂತರು ತರಬಹುದು. ಬರೀ ‘ಎಫೆಡ್ರಾ’ ಎಂದಿದ್ದು ಅಂಗಡಿಯವರಿಗೂ ಜಾತಿ ಗೊತ್ತಿಲ್ಲದಿದ್ದರೆ ಅಲ್ಲಿಯೇ ಬಿಟ್ಟುಬನ್ನಿ. ಟ್ಯಾನಿನ್ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ, ರಕ್ತಹೀನತೆ ಇರುವವರು ಊಟದ ಜೊತೆ ಇದನ್ನು ಕುಡಿಯದಿರುವುದು ಒಳ್ಳೆಯದು. ಯೂಟಾದ ಜಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ದಾರಿಬದಿಯಲ್ಲಿ ಇದೇ ಪೊದೆ ಕಂಡೀತು, ಆದರೆ ಉದ್ಯಾನದೊಳಗೆ ಗಿಡ ಕೀಳುವುದು ಕಾನೂನಿಗೆ ವಿರುದ್ಧ.