ಅರಿವಿನ ಪರೀಕ್ಷೆ: ಇಇಜಿಯೋ, ಎಫ್‌ಎಂಆರ್‌ಐಯೋ?

ಮಿದುಳಿಗೆ ತೀವ್ರ ಪೆಟ್ಟಾಗಿ ಮಾತಿಗೆ ಸ್ಪಂದಿಸದ ರೋಗಿಯಲ್ಲಿ ಅರಿವು ಉಳಿದಿದೆಯೇ ಎಂದು ತಿಳಿಯಲು ಹಾಸಿಗೆಯ ಪಕ್ಕದ ತಪಾಸಣೆಯೊಂದೇ ಸಾಲದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೂಚನೆಗೆ ಕೈಕಾಲು ಆಡಿಸದ 241 ಮಂದಿಯ ಪೈಕಿ 60 ಮಂದಿಯ ಮಿದುಳು ಇಇಜಿ (ಮಿದುಳಿನ ವಿದ್ಯುತ್ ತರಂಗಗಳ ದಾಖಲೆ) ಮತ್ತು ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಎಂಬ ಎರಡರಲ್ಲಿ ಒಂದು ಪರೀಕ್ಷೆಯಲ್ಲಾದರೂ ಸ್ಪಂದಿಸಿತ್ತು. ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಎಫ್‌ಎಂಆರ್‌ಐ ರಕ್ತದ ಆಮ್ಲಜನಕದ ಏರಿಳಿತದ ಮೂಲಕ ಮಿದುಳಿನ ಯಾವ ಭಾಗ ಚುರುಕಾಯಿತೆಂದು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ರೋಗಿಯನ್ನು ಯಂತ್ರದವರೆಗೆ ಸಾಗಿಸಬೇಕು, ದೇಹದೊಳಗೆ ಕೆಲವು ಬಗೆಯ ಲೋಹವಿದ್ದರೆ ಪರೀಕ್ಷೆಯೇ ಆಗದು.

ಇಇಜಿಯಲ್ಲಿ ನೆತ್ತಿಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ವಿದ್ಯುತ್ ತರಂಗಗಳನ್ನು ದಾಖಲಿಸುತ್ತವೆ. ‘ಬಲಗೈ ಮುಷ್ಟಿ ಬಿಗಿಯಿರಿ, ಬಿಡಿ’ ಎಂದು ಹಲವು ಬಾರಿ ಹೇಳುತ್ತಾರೆ. ಕೈ ಅಲುಗದಿದ್ದರೂ ಎರಡು ಸೂಚನೆಗಳಿಗೆ ತರಂಗದ ವಿನ್ಯಾಸ ಬೇರೆಬೇರೆಯಾದರೆ, ಒಳಗೆ ಕೇಳಿಸಿಕೊಳ್ಳುವವರು ಇದ್ದಾರೆಂಬುದಕ್ಕೆ ಅದು ಬಲವಾದ ಸುಳಿವು. ಆದರೆ ಸ್ನಾಯುಗಳ ಚಲನೆ ಮತ್ತು ಮಂಪರಿನ ಔಷಧಿಗಳು ದಾಖಲೆಯನ್ನು ಕೆಡಿಸುತ್ತವೆ.

ಆಯ್ಕೆ ಒಂದೇ ಆದರೆ ನಾನು ಇಇಜಿಯನ್ನೇ ಮೊದಲು ಸೂಚಿಸುವೆ, ಏಕೆಂದರೆ ಅರಿವು ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಹಾಸಿಗೆಯ ಬಳಿಯೇ ಮರಳಿ ಮರಳಿ ಮಾಡಬಲ್ಲ ಪರೀಕ್ಷೆ ಬೇಕು. ಸ್ಪಂದನೆ ಕಾಣಲಿಲ್ಲವೆಂದ ಮಾತ್ರಕ್ಕೆ ಅರಿವಿಲ್ಲವೆಂದು ಯಾವ ಪರೀಕ್ಷೆಯೂ ಸಾಧಿಸಲಾರದು. ಆರೋಗ್ಯವಂತರಲ್ಲೂ ಕೆಲವೊಮ್ಮೆ ಈ ಸುಳಿವು ಸಿಗುವುದಿಲ್ಲ.